ಉತ್ತರ: ಎಸ್ಟೇಟ್ ರಸ್ತೆ ಇಳಿದ ಮೇಲೆ ಕ್ಯಾಂಪರ್ ಟೈರಿಗೆ ಗಾಳಿ

ಸರ್, ಸಕಲೇಶಪುರದ ಎಸ್ಟೇಟ್ ರಸ್ತೆಗೆ ಕ್ಯಾಂಪರ್ (ಮಲಗೋಕೆ, ಅಡುಗೆಗೆ ಜಾಗ ಇರೋ ವ್ಯಾನ್) ಟೈರಿನ ಗಾಳಿ ಒತ್ತಡ 60 ಪಿಎಸ್‌ಐಯಿಂದ 40ಕ್ಕೆ ಇಳಿಸಿದ್ರೆ, ಬೆಂಗಳೂರಿಗೆ ವಾಪಸ್ ಬರುವಾಗ ಹಾಸನದ ಬಂಕ್‌ವರೆಗೆ ಹಾಗೇ ಓಡಿಸಬಹುದಾ, ಇಲ್ಲಾ ದಾರೀಲೇ ತುಂಬಿಸೋಕೆ ಕಾರಿನ ಇನ್‌ಫ್ಲೇಟರ್ (ಲೈಟರ್ ಸಾಕೆಟ್‌ಗೆ ಸಿಕ್ಕಿಸೋ ಚಿಕ್ಕ ಗಾಳಿ ಪಂಪ್) ಸಾಕಾ ಅಂತ ಕೇಳಿದ್ದೀರಿ.

ಓಡಿಸಬೇಡಿ. ಹಾಸನ ಸುಮಾರು 40 ಕಿ.ಮೀ., ಅದೂ ಹೈವೇ. ಗಾಳಿ ಕಮ್ಮಿ ಇದ್ರೆ ಟೈರಿನ ಪಕ್ಕದ ಭಾಗ ಪ್ರತಿ ಸುತ್ತಿಗೂ ಮಡಚಿಕೊಂಡು ಬಿಸಿಯಾಗುತ್ತೆ. ನೀರಿನ ಟ್ಯಾಂಕು, ಮಂಚ, ಅಡುಗೆ ಸಾಮಾನು ಹೊತ್ತ ಗಾಡಿ ಬೇರೆ. ಡಾಂಬರು ಸಿಕ್ಕ ಕೂಡ್ಲೇ ಸಮತಟ್ಟಾದ ಕಡೆ ನಿಲ್ಲಿಸಿ ತುಂಬಿಸಿ.

ಕಾರಿನ ಇನ್‌ಫ್ಲೇಟರ್ ಡಬ್ಬಿ ಮೇಲೆ 150 ಪಿಎಸ್‌ಐ ಅಂತ ಬರೆದಿರುತ್ತೆ, ಆದ್ರೆ 40 ದಾಟಿದ ಮೇಲೆ ಮುಳ್ಳು ಅಲ್ಲಾಡೋದೇ ಕಷ್ಟ. ಮೋಟಾರು ಕಾದು, ಟೈರಿನ ವಾಲ್ವ್‌ಗೆ ಸಿಕ್ಕಿಸಿದ ಹಿತ್ತಾಳೆ ಮೂತಿ ಕೈ ಸುಡುತ್ತೆ. ಲೈಟರ್ ಸಾಕೆಟ್‌ನ ಫ್ಯೂಸ್ ಸಾಮಾನ್ಯವಾಗಿ 10–15 ಆಂಪ್ಸ್ ಅಷ್ಟೇ. ದೊಡ್ಡ ಪಂಪ್ ಅದಕ್ಕೆ ಹಾಕಿದ್ರೆ ಫ್ಯೂಸ್ ಹೋಗಬಹುದು, ಹಾಗಾಗಿ ನೇರ ಬ್ಯಾಟರಿಗೆ ಕ್ಲಿಪ್ ಹಾಕೋ ಕಂಪ್ರೆಸರ್ ತಗೊಳ್ಳಿ. ಬೆಂಗಳೂರಿನ ಜೆಸಿ ರಸ್ತೆಯ ಗಾಡಿ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಿ. ಚೌಕಾಸಿ ಮಾಡದೆ ದುಡ್ಡು ಕೊಡಬೇಡಿ! ಇಂಜಿನ್ ಆನ್ ಇಟ್ಟೇ ತುಂಬಿಸಿ, ಒಂದೊಂದು ಟೈರ್ ಆದ ಮೇಲೆ ಕಂಪ್ರೆಸರ್‌ಗೆ ರೆಸ್ಟ್ ಕೊಡಿ.

ಹಿಂದೆ ಜೋಡಿ ಚಕ್ರ ಇದ್ರೆ ಒಳಗಿನ ಚಕ್ರದ ವಾಲ್ವ್‌ಗೆ ಕೈ ಎಟುಕೋಕೆ ಎಕ್ಸ್‌ಟೆನ್ಷನ್ ಕೊಳವೆ ಬೇಕು. ಎಲ್ಲರೂ ಮರೆಯೋದು ಇದನ್ನೇ.

ಎಷ್ಟಕ್ಕೆ ತುಂಬಿಸ್ಬೇಕು ಅನ್ನೋದಕ್ಕೆ ಡ್ರೈವರ್ ಬಾಗಿಲ ಹತ್ರದ ಸ್ಟಿಕ್ಕರ್ ನೋಡಿ. ಅದು ತಣ್ಣಗಿನ ಟೈರಿನ ಲೆಕ್ಕ. ದಾರೀಲಿ ಬಿಸಿಯಾಗಿ ನಾಲ್ಕೈದು ಪಿಎಸ್‌ಐ ಜಾಸ್ತಿ ತೋರಿಸಿದ್ರೆ ಗಾಳಿ ಬಿಡಬೇಡಿ, ಬೆಳಿಗ್ಗೆ ಗಾಡಿ ತೆಗೆಯೋ ಮೊದಲು ಇನ್ನೊಮ್ಮೆ ಚೆಕ್ ಮಾಡಿ.