ಕರೆಂಟ್ ಹೋದ ಕೂಡಲೇ ಸೋಲಾರ್ ಕೂಡ ನಿಲ್ಲುವುದು ಯಾಕೆ?

ಚಾವಣಿ ಮೇಲೆ ಪ್ಯಾನೆಲ್ ಇದ್ದೂ ಕರೆಂಟ್ ಹೋದಾಗ ಡೀಸೆಲ್ ಜನರೇಟರ್ ಹಾಕಬೇಕಾಗಿದೆ, ಡೀಸೆಲ್ ಬಿಡಬೇಕು ಅಂದಿದ್ದೀರಿ. ಬಹುಶಃ ನಿಮ್ಮದು ಗ್ರಿಡ್ ಟೈ ಇನ್ವರ್ಟರ್, ಅಂದರೆ ಪ್ಯಾನೆಲ್‌ನ ವಿದ್ಯುತ್ತನ್ನು ಹೊರಗಿನ ಲೈನ್ ಜೊತೆ ಸೇರಿಸಿ ಮನೆಗೆ ಕೊಡುವ ಪೆಟ್ಟಿಗೆ. ಹೊರಗಿನ ಲೈನ್ ಹೋದರೆ ಅದು ತಾನಾಗಿ ನಿಲ್ಲುತ್ತದೆ, ಕೆಟ್ಟಿಲ್ಲ. ನಿಲ್ಲದಿದ್ದರೆ ನಿಮ್ಮ ವಿದ್ಯುತ್ ಲೈನಿಗೆ ಹರಿದು, ಕಂಬ ಹತ್ತಿ ರಿಪೇರಿ ಮಾಡುವವರ ಪ್ರಾಣಕ್ಕೇ ಅಪಾಯ. ಆ ರಕ್ಷಣೆ ತೆಗೆದುಕೊಡುತ್ತೇನೆ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ.

ಮೊದಲು ಇನ್ವರ್ಟರ್ ಮೇಲಿನ ಲೇಬಲ್ ನೋಡಿ. ಹೈಬ್ರಿಡ್ (ಲೈನ್, ಬ್ಯಾಟರಿ ಎರಡರ ಜೊತೆಗೂ ಕೆಲಸ ಮಾಡುವಂಥದ್ದು) ಅಂತಿದ್ದರೆ ಬ್ಯಾಟರಿ ಜೋಡಿಸಿ, ಮನೆಯೊಳಗಿನ ಮುಖ್ಯವಾದ ಲೈನ್‌ಗಳನ್ನು ಅದರ ಬ್ಯಾಕಪ್ ಔಟ್‌ಪುಟ್‌ಗೆ (ಕರೆಂಟ್ ಹೋದಾಗಲೂ ವಿದ್ಯುತ್ ಕೊಡುವ ಕಡೆಗೆ) ಕೊಡಿಸಿದರೆ ಸಾಕು. ನನ್ನದು ಹಾಗೇ ಸರಿಹೋಯಿತು. ಬರೀ ಗ್ರಿಡ್ ಟೈ ಆದರೆ ಹೈಬ್ರಿಡ್‌ಗೆ ಬದಲಿಸಬೇಕು, ಇಲ್ಲವೇ ಅದರ ಜೊತೆ ಹೊಂದುವ ಬ್ಯಾಟರಿ ಇನ್ವರ್ಟರ್ ಸೇರಿಸಬೇಕು. ಯಾವುದು ಲಾಭ ಅನ್ನುವುದು ನಿಮ್ಮ ಮಾದರಿ ನೋಡದೆ ಹೇಳಲಾಗದು.

ಬ್ಯಾಟರಿ ಕೊಳ್ಳುವ ಮುಂಚೆ ಲೆಕ್ಕ ಹಾಕಿ, ಇಲ್ಲೇ ಜಾಸ್ತಿ ಜನ ಸುಮ್ನೆ ದುಡ್ಡು ಸುರಿಯುತ್ತಾರೆ. ದೀಪ, ಫ್ಯಾನ್, ರೌಟರ್ ಸೇರಿ 300 ವ್ಯಾಟ್, 4 ಗಂಟೆ ಬೇಕು ಅಂದರೆ 1.2 ಯೂನಿಟ್. ಲಿಥಿಯಂ ಆದರೆ 1.5 ಯೂನಿಟ್ ಬ್ಯಾಟರಿ ನಡೆಯುತ್ತದೆ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಿದರೆ ಬೇಗ ಹಾಳಾಗುತ್ತದೆ, ಹಾಗಾಗಿ 2.4 ಬೇಕು. ನೀರಿನ ಮೋಟರ್ ಇದಕ್ಕೆ ಸೇರಿಸಬೇಡಿ, ಶುರುವಾಗುವಾಗ ಅದು ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಕರೆಂಟ್ ಇದ್ದಾಗಲೇ ಟ್ಯಾಂಕ್ ತುಂಬಿಸಿಕೊಳ್ಳಿ.

ಜನರೇಟರ್ ಈಗಲೇ ಮಾರಬೇಡಿ, ಆದರೆ ಸೋಲಾರ್ ವಿದ್ಯುತ್ತನ್ನು ಬೇಕಾದಷ್ಟಕ್ಕೆ ತಗ್ಗಿಸುವ ನಿಯಂತ್ರಕ ಇಲ್ಲದೆ ಸೋಲಾರ್ ಜೊತೆ ಓಡಿಸಲೂಬೇಡಿ, ಹೆಚ್ಚಾದ ವಿದ್ಯುತ್ ಹಿಂದಕ್ಕೆ ನುಗ್ಗಿ ಜನರೇಟರ್ ಸುಟ್ಟುಹೋಗಬಹುದು. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕೆಜಿ ಇಂಗಾಲದ ಡೈಆಕ್ಸೈಡ್ ಬರುತ್ತದೆ, ಡೀಸೆಲ್ ಬಿಡಬೇಕು ಅನ್ನುವ ನಿಮ್ಮ ಯೋಚನೆ ಖಂಡಿತ ಸರಿ. ಇನ್ವರ್ಟರ್ ಮಾದರಿ ಹೆಸರು ಮತ್ತು ಲೋಡ್ ಪಟ್ಟಿ (ಯಾವ ಉಪಕರಣ, ಎಷ್ಟು ವ್ಯಾಟ್) ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.