1970ರ ಸಿ10 ಪಿಕಪ್: ಮೊದಲು ಮುಂದಿನ ಸಸ್ಪೆನ್ಷನ್, ಆಮೇಲೆ ಗೇರ್‌ಬಾಕ್ಸ್

ನಿಮ್ಮ ಪ್ರಶ್ನೆ ಇದು: 1970ರ ಶೆವರ್ಲೆ ಸಿ10 ಪಿಕಪ್, 350 ವಿ8 ಎಂಜಿನ್, ಮೂರು ಗೇರಿನ ಟಿಎಚ್350 ಆಟೋಮ್ಯಾಟಿಕ್. ಹೈವೇಯಲ್ಲಿ ಗಾಡಿ ಅತ್ತಿತ್ತ ಎಳೆಯುತ್ತದೆ, ಗಂಟೆಗೆ 65 ಮೈಲಿಯಲ್ಲಿ ಎಂಜಿನ್ ಕಿರುಚುತ್ತದೆ. ಮುಂದಿನ ಸಸ್ಪೆನ್ಷನ್ ಪೂರ್ತಿ ಹೊಸದು ಮಾಡಿ, ಜೊತೆಗೆ ನಾಲ್ಕು ಗೇರಿನ 700ಆರ್4 ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕೂರಿಸಬೇಕು. ಎರಡನ್ನೂ ಮನೆಯ ಗ್ಯಾರೇಜಿನಲ್ಲಿ ಒಟ್ಟಿಗೆ ಮಾಡಬಹುದಾ?

ಮನೆಯಲ್ಲಿ ಮಾಡಬಹುದು, ಆದರೆ ಒಟ್ಟಿಗೆ ಬೇಡ. ಮೊದಲು ಮುಂಭಾಗ ಮುಗಿಸಿ, ಕೆಲವು ವಾರ ಗಾಡಿ ಓಡಿಸಿ, ಆಮೇಲೆ ಗೇರ್‌ಬಾಕ್ಸಿಗೆ ಕೈ ಹಾಕಿ. ನನ್ನ ಹತ್ತಿರ 1971ರ ಸಿ10 ಇದೆ. ಡಲ್ಲಾಸ್ ಹತ್ತಿರ ನಮ್ಮ ಮನೆಯ ಗ್ಯಾರೇಜಿನಲ್ಲೇ ಈ ಎರಡೂ ಕೆಲಸ ಮಾಡಿದ್ದೇನೆ, ಹಾಗಾಗಿ ಇದನ್ನು ಒತ್ತಿ ಹೇಳುತ್ತೇನೆ. ಎರಡನ್ನೂ ಬದಲಿಸಿ ರಸ್ತೆಗೆ ಇಳಿದಿರಿ, 60 ಮೈಲಿಯಲ್ಲಿ ಗಾಡಿ ನಡುಗಿತು ಅಂದುಕೊಳ್ಳಿ. ನಡುಕ ಮುಂದಿನ ಚಕ್ರದ್ದಾ, ಡ್ರೈವ್‌ಶಾಫ್ಟಿನದ್ದಾ? ಗೊತ್ತಾಗುವುದಿಲ್ಲ. ಒಂದೊಂದಾಗಿ ಮಾಡಿದರೆ ಹುಡುಕಬೇಕಾದ ಜಾಗ ಕಡಿಮೆ. ಎಲ್ಲಾ ಬಿಚ್ಚಿಟ್ಟು ಮುಗಿಸೋಕಾಗದೆ, ನಟ್ಟು ಬೋಲ್ಟುಗಳನ್ನು ಡಬ್ಬಿಯಲ್ಲಿ ತುಂಬಿಸಿ ಮಾರಾಟಕ್ಕೆ ಇಟ್ಟಿರುವ ಸಿ10ಗಳನ್ನು ಇಲ್ಲಿ ಸದಾ ನೋಡುತ್ತಿರುತ್ತೇನೆ. ನೋಡಿದಾಗೆಲ್ಲ ಬೇಜಾರಾಗುತ್ತದೆ.

ಪಾರ್ಟ್ಸ್ ತರಿಸುವ ಮುಂಚೆ ಕೀಲುಗಳಲ್ಲಿ ಆಟ, ಅಂದರೆ ಸಡಿಲ, ಎಲ್ಲಿದೆ ಅಂತ ನೋಡಿಕೊಳ್ಳಿ. ಈ ಗಾಡಿಯಲ್ಲಿ ಕಾಯಿಲ್ ಸ್ಪ್ರಿಂಗ್ ಕೂತಿರುವುದು ಚಕ್ರವನ್ನು ಚಾಸಿಗೆ ಜೋಡಿಸುವ ಕೆಳಗಿನ ಕಂಟ್ರೋಲ್ ಆರ್ಮ್ ಮೇಲೆ. ಹಾಗಾಗಿ ಜಾಕಿಯನ್ನು ಚಾಸಿಗೆ ಕೊಡದೆ ಆ ಆರ್ಮಿಗೇ ಕೊಟ್ಟು ಎತ್ತಿ. ಆಗ ಮಾತ್ರ ಬಾಲ್ ಜಾಯಿಂಟ್ (ಆರ್ಮ್ ತುದಿಯ ಗುಂಡು ಕೀಲು) ಮೇಲಿನ ಭಾರ ಇಳಿದು, ಸವೆದಿದ್ದರೆ ಆಟ ಕಾಣುತ್ತದೆ. ಟೈರಿನ ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿ. ಟಕ್ ಅಂದರೆ ಮನೆಯವರಿಗೆ ಬ್ರೇಕ್ ಒತ್ತಿ ಹಿಡಿಯೋಕೆ ಹೇಳಿ, ಮತ್ತೆ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಆಟ ಹೋಯಿತಾ? ಹಾಗಾದರೆ ವೀಲ್ ಬೇರಿಂಗ್ ಸಡಿಲ. ಹಾಗೇ ಉಳಿಯಿತಾ? ಬಾಲ್ ಜಾಯಿಂಟ್ ಅಥವಾ ಆರ್ಮಿನ ಚಾಸಿ ಕಡೆಯ ಬುಷ್. ಎಡಕ್ಕೊಂದು ಬಲಕ್ಕೊಂದು ಕೈ ಹಿಡಿದಾಗ ಆಟ ಇದ್ದರೆ ಟೈ ರಾಡ್ ತುದಿ, ಐಡ್ಲರ್ ಆರ್ಮ್ (ಸ್ಟೀರಿಂಗ್ ರಾಡನ್ನು ಇನ್ನೊಂದು ಕಡೆ ಹಿಡಿದಿರುವ ಆರ್ಮ್), ಸ್ಟೀರಿಂಗ್ ಬಾಕ್ಸ್ ಈ ಸಾಲಿನಲ್ಲಿ ಹುಡುಕಿ. ನೀವು ಹೇಳುವ ಅಲೆದಾಟಕ್ಕೆ ಐಡ್ಲರ್ ಆರ್ಮ್ ಮೇಲೆ ನನಗೆ ಜಾಸ್ತಿ ಅನುಮಾನ. ಸ್ಟೀರಿಂಗ್ ಬಾಕ್ಸಿನ ಮೇಲಿರುವ ಸ್ಕ್ರೂ ಬಿಗಿ ಮಾಡಿ ಆಟ ತೆಗೆಯಿರಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಬೇರೆಲ್ಲ ಕೀಲುಗಳೂ ಸರಿ ಇವೆ ಅಂತ ಖಾತ್ರಿಯಾಗುವ ತನಕ ಅದನ್ನು ಮುಟ್ಟಬೇಡಿ. ಅತಿಯಾಗಿ ಬಿಗಿಯಾದರೆ ತಿರುವಿನ ನಂತರ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ, ಒಳಗಿನ ಗೇರೂ ಬೇಗ ಸವೆಯುತ್ತದೆ.

ನಿಮ್ಮದು 1970 ಅನ್ನೋದು ಇಲ್ಲಿ ಮುಖ್ಯ. 1967ರಿಂದ 72ರವರೆಗಿನ ಗಾಡಿಗಳು ಹೊರಗಿನಿಂದ ಒಂದೇ ಥರ ಕಂಡರೂ, 1971ರಲ್ಲಿ ಮುಂದೆ ಡಿಸ್ಕ್ ಬ್ರೇಕ್ ಬಂತು. ಅದರ ಜೊತೆಗೆ ಸ್ಪಿಂಡಲ್ (ಚಕ್ರ ಕೂರುವ ಭಾಗ) ಮತ್ತು ಬಾಲ್ ಜಾಯಿಂಟ್ ಬದಲಾದವು. ಚಕ್ರದ ಬೋಲ್ಟುಗಳೂ ಬದಲಾದವು: 1970ರವರೆಗೆ 5.5 ಇಂಚಿನ ವೃತ್ತದಲ್ಲಿ 6, ಆಮೇಲೆ 5 ಇಂಚಿನ ವೃತ್ತದಲ್ಲಿ 5. ಹೇಗೂ ಬಿಚ್ಚುತ್ತಿದ್ದೀರಲ್ಲ, ಡ್ರಮ್ ತೆಗೆದು ಡಿಸ್ಕ್ ಹಾಕಿಬಿಡಿ, ಅದು ನನ್ನ ಬಲವಾದ ಸಲಹೆ. ಆದರೆ 71ರ ಸ್ಪಿಂಡಲ್ ಗುಜರಿಯಿಂದ, ಬಾಲ್ ಜಾಯಿಂಟ್ ಇನ್ನೆಲ್ಲಿಂದಲೋ ತಂದು ಬೆರೆಸಬೇಡಿ. ಟೇಪರ್, ಅಂದರೆ ತುದಿಗೆ ಹೋದಂತೆ ಸಣ್ಣಗಾಗುವ ಆಕಾರ, ಹೊಂದದ ಜಾಯಿಂಟ್ ಕೂತ ಹಾಗೆ ಕಾಣುತ್ತದೆ, ಕೂತಿರುವುದಿಲ್ಲ. ನಿಮ್ಮ ವರ್ಷಕ್ಕೆ ಅಂತಲೇ ಬರುವ ಪೂರ್ತಿ ಕಿಟ್ ತಗೊಳ್ಳಿ. ಅದರಲ್ಲೂ 6 ಬೋಲ್ಟಿನ ರೋಟರ್ ಇರುವುದನ್ನೇ ಆರಿಸಿ. ಇಲ್ಲದಿದ್ದರೆ ಮುಂದೆ ಐದು, ಹಿಂದೆ ಆರು ಆಗಿ ಒಂದು ಸ್ಟೆಪ್ನಿ ಎರಡು ಕಡೆಗೂ ಆಗುವುದಿಲ್ಲ. ಮಾಸ್ಟರ್ ಸಿಲಿಂಡರ್ ಮತ್ತು ಪ್ರೊಪೋರ್ಷನಿಂಗ್ ವಾಲ್ವ್ (ಮುಂದೆ ಹಿಂದೆ ಬ್ರೇಕಿನ ಒತ್ತಡ ಹಂಚುವುದು) ಕೂಡ ಡಿಸ್ಕಿಗೆ ಹೊಂದುವಂಥದ್ದೇ ಬೇಕು.

ಈಗ ಸ್ಪ್ರಿಂಗ್. ಇದನ್ನು ಸಾವಧಾನವಾಗಿ ಓದಿ. ನಮ್ಮೂರ ಕಡೆ ಜೀಪು, ಲಾರಿಗಳ ಕಮಾನು ಪಟ್ಟಿ ಬಿಚ್ಚಿದ್ದನ್ನು ನೋಡಿ ಬೆಳೆದವರಿಗೆ ಒಂದು ಅಭ್ಯಾಸ ಇರುತ್ತದೆ: ಚಾಸಿ ಎತ್ತಿ ನಿಲ್ಲಿಸಿದರೆ ಪಟ್ಟಿಯ ಬಿಗಿ ಹೋಯಿತು, ಇನ್ನು ಬೋಲ್ಟ್ ಬಿಚ್ಚಬಹುದು ಅಂತ. ಕಾಯಿಲ್ ಸ್ಪ್ರಿಂಗ್ ಹಾಗಲ್ಲ. ಚಕ್ರ ಗಾಳಿಯಲ್ಲಿ ನೇತಾಡುತ್ತಿದ್ದರೂ ಅದರೊಳಗೆ ಬಿಗಿ ಹಾಗೇ ಇರುತ್ತದೆ. ಬಾಲ್ ಜಾಯಿಂಟ್ ಬಿಟ್ಟ ತಕ್ಷಣ ಆರ್ಮ್ ಬಡಿದು ಸ್ಪ್ರಿಂಗ್ ಹಾರಿದರೆ ಕೈ ಕಾಲಲ್ಲ, ಜೀವವೇ ಹೋಗಬಹುದು. ಚಾಸಿಯನ್ನು ಗಟ್ಟಿ ಸ್ಟ್ಯಾಂಡ್ ಮೇಲೆ ಕೂರಿಸಿ. ಸ್ಪ್ರಿಂಗ್ ಒಳಗಿನಿಂದ ಒಂದು ದಪ್ಪ ಸರಪಳಿ ತೂರಿಸಿ ಚಾಸಿಗೆ ಕಟ್ಟಿ. ಕೆಳಗಿನ ಆರ್ಮಿಗೆ ಜಾಕಿ ಕೊಟ್ಟು ಭಾರ ಹಿಡಿಸಿ. ಬಾಲ್ ಜಾಯಿಂಟಿನ ನಟ್ಟನ್ನು ಪೂರ್ತಿ ತೆಗೆಯದೆ ಕೆಲವು ಸುತ್ತು ಉಳಿಸಿ. ಈಗ ಸ್ಪಿಂಡಲಿನಲ್ಲಿ ಜಾಯಿಂಟ್ ಕೂತಿರುವ ದಪ್ಪ ಕಿವಿಯ ಪಕ್ಕಕ್ಕೆ ಭಾರದ ಸುತ್ತಿಗೆಯಿಂದ ಹೊಡೆಯಿರಿ. ಟೇಪರ್ ಟಪ್ ಅಂತ ಬಿಡುತ್ತದೆ, ಉಳಿಸಿದ ನಟ್ಟು ಅದನ್ನು ಹಿಡಿದುಕೊಳ್ಳುತ್ತದೆ. ಆಮೇಲೆ ಜಾಕಿ ಎತ್ತಿ ಮತ್ತೆ ಭಾರ ಹಿಡಿಸಿ, ನಟ್ಟು ತೆಗೆದು, ಜಾಕಿಯನ್ನು ನಿಧಾನವಾಗಿ ಇಳಿಸುತ್ತಾ ಬನ್ನಿ. ಈ ಹೊತ್ತಿನಲ್ಲಿ ಸ್ಪ್ರಿಂಗಿನ ಎದುರು ಯಾರೂ ನಿಲ್ಲಬಾರದು, ಮಕ್ಕಳಂತೂ ಗ್ಯಾರೇಜಿನೊಳಗೇ ಬರಬಾರದು.

ಕಂಪನಿಯಿಂದ ಬಂದ ಮೇಲಿನ ಬಾಲ್ ಜಾಯಿಂಟ್ ರಿವೆಟ್ ಹೊಡೆದಿರುತ್ತದೆ. ರಿವೆಟ್ ತಲೆಯ ನಡುವೆ ಡ್ರಿಲ್ ಮಾಡಿ, ಚಾಣದಿಂದ ತಲೆ ಹಾರಿಸಿ. ಹೊಸದು ಬೋಲ್ಟ್ ನಟ್ಟಿನ ಜೊತೆ ಬರುತ್ತದೆ. ಕೆಳಗಿನದು ಒತ್ತಿ ಕೂರಿಸಿದ್ದು, ಅದಕ್ಕೆ ಪ್ರೆಸ್ ಬೇಕು. ಠೇವಣಿ ಇಟ್ಟು ಒಯ್ಯೋದಕ್ಕೆ ಪಾರ್ಟ್ಸ್ ಅಂಗಡಿಗಳಲ್ಲಿ ಸಿಗುತ್ತದೆ, ಸುಮ್ನೆ ಕೊಳ್ಳಬೇಡಿ. ಎಲ್ಲ ಬಿಚ್ಚಿದ ಮೇಲೆ ಕ್ರಾಸ್‌ಮೆಂಬರ್ ತೊಳೆದು ಬಿರುಕು, ಸಡಿಲ ರಿವೆಟ್ ಇವೆಯಾ ಅಂತ ದೀಪ ಹಿಡಿದು ನೋಡಿ. ಐವತ್ತು ವರ್ಷದ ಗ್ರೀಸ್ ಕೆಳಗೆ ಏನು ಬೇಕಾದರೂ ಅಡಗಿರುತ್ತದೆ.

ಮೇಲಿನ ಆರ್ಮಿನ ಶಾಫ್ಟ್ ಹಿಂದೆ ತೆಳ್ಳಗಿನ ಶಿಮ್ (ತಗಡಿನ ತುಂಡು) ಇರುತ್ತವೆ. ಕ್ಯಾಂಬರ್ (ಚಕ್ರ ಒಳಗೆ ಹೊರಗೆ ವಾಲುವ ಕೋನ), ಕ್ಯಾಸ್ಟರ್ (ಸ್ಟೀರಿಂಗ್ ತಿರುಗುವ ಅಕ್ಷ ಹಿಂದೆ ಮುಂದೆ ವಾಲುವ ಕೋನ) ಎರಡೂ ನಿಂತಿರುವುದು ಅದರ ಮೇಲೆ. ಪ್ರತಿ ಬೋಲ್ಟಿನ ಶಿಮ್ಮುಗಳನ್ನು ಬೇರೆ ಬೇರೆ ಟೇಪ್ ಸುತ್ತಿ, ಎಡ ಮುಂದೆ, ಎಡ ಹಿಂದೆ ಅಂತ ಬರೆದಿಡಿ. ಜೋಡಿಸುವಾಗ ಹಾಗೇ ಹಾಕಿದರೆ ಅಲೈನ್‌ಮೆಂಟ್ ಅಂಗಡಿಯ ತನಕ ಗಾಡಿ ನೆಟ್ಟಗೆ ಹೋಗುತ್ತದೆ.

ಜೋಡಿಸುವಾಗ ಜನ ಆತುರದಲ್ಲಿ ಬಿಡುವ ಮಾತೊಂದಿದೆ. ರಬ್ಬರ್ ಬುಷ್ ಹಾಕಿದರೆ, ಅದರ ನಟ್ಟುಗಳನ್ನು ಚಕ್ರ ನೇತಾಡುವಾಗ ಕೊನೆಯ ಬಿಗಿ ಕೊಡಬೇಡಿ. ಗಾಡಿ ನೆಲದ ಮೇಲೆ ತನ್ನ ಭಾರದಲ್ಲಿ ನಿಂತಾಗ ಬಿಗಿ ಮಾಡಿ. ಇಲ್ಲದಿದ್ದರೆ ಓಡಾಡುವಷ್ಟು ಹೊತ್ತೂ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಪಾಲಿಯುರಿಥೇನ್ ಬುಷ್‌ಗೆ ಈ ತೊಂದರೆ ಇಲ್ಲ, ಆದರೆ ಗ್ರೀಸ್ ಒಣಗಿದರೆ ಕಿರ್ರ್ ಅನ್ನುತ್ತದೆ, ರಸ್ತೆಯ ಕುಲುಕೂ ಜಾಸ್ತಿ ತಿಳಿಯುತ್ತದೆ. ದಿನಾ ಓಡಿಸುವ ಗಾಡಿಗೆ ನನ್ನ ಆಯ್ಕೆ ರಬ್ಬರೇ. ಬಾಲ್ ಜಾಯಿಂಟ್ ನಟ್ಟಿನ ಕಿಂಡಿ ಪಿನ್ನಿನ ತೂತಿಗೆ ಸರಿಯಾಗಿ ಬರದಿದ್ದರೆ ಇನ್ನಷ್ಟು ಬಿಗಿ ಮಾಡಿ ಹೊಂದಿಸಿ, ಸಡಿಲ ಮಾಡಿ ಹೊಂದಿಸಬೇಡಿ. ವೀಲ್ ಬೇರಿಂಗಿಗೆ ಉಲ್ಟಾ: ಚಕ್ರ ತಿರುಗಿಸುತ್ತಾ ಬಿಗಿ ಮಾಡಿ, ಸಡಿಲಿಸಿ, ಬೆರಳಲ್ಲಿ ತಿರುಗಿಸುವಷ್ಟು ಬಿಗಿಗೆ ತಂದು, ಪಿನ್ ಹೊಂದದಿದ್ದರೆ ಸಡಿಲದ ಕಡೆಗೇ ಹೋಗಿ.

ಅಲೈನ್‌ಮೆಂಟಿಗೆ ಹೋಗುವ ಮುಂಚೆ ಫೋನ್ ಮಾಡಿ, ಶಿಮ್ ಹಾಕಿ ಹೊಂದಿಸುತ್ತೀರಾ ಅಂತ ಕೇಳಿ. ಬರೀ ಟೋ (ಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವುದು) ಸರಿ ಮಾಡಿ ಕಳಿಸುವವರು ಬೇಡ. ಹಳೇ ಕೈಪಿಡಿಯ ಅಂಕಿಗಳು ಆಗಿನ ಬಯಾಸ್ ಪ್ಲೈ ಟೈರಿನ ಕಾಲದವು. ನಿಮ್ಮ ಗಾಡಿಯಲ್ಲಿ ಈಗ ರೇಡಿಯಲ್ ಟೈರ್ ಇದ್ದು, ಪವರ್ ಸ್ಟೀರಿಂಗೂ ಇದ್ದರೆ ಪಾಸಿಟಿವ್ ಕ್ಯಾಸ್ಟರ್ 3 ಡಿಗ್ರಿಯ ಹತ್ತಿರ, ಎರಡೂ ಕಡೆ ಸಮವಾಗಿ ಕೇಳಿ. ಹೈವೇಯಲ್ಲಿ ಕೈ ಹಗುರಾಗುವುದು ಇದರಿಂದಲೇ. ಎಲ್ಲ ಹೊಸ ಪಾರ್ಟ್ಸ್ ಹಾಕಿಯೂ ಗಾಡಿ ಅಲೆಯುತ್ತಿದ್ದರೆ ಮೊದಲು ಈ ಅಂಕಿಯನ್ನೇ ನೋಡಿ.

ಇನ್ನು ಗೇರ್‌ಬಾಕ್ಸ್. ದುಡ್ಡು ಖರ್ಚು ಮಾಡುವ ಮುಂಚೆ ಹಿಂದಿನ ಆಕ್ಸಲ್ ಅನುಪಾತ ಎಷ್ಟು ಅಂತ ಎಣಿಸಿ. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದಿನ ಒಂದು ಚಕ್ರ ಮಾತ್ರ ಎತ್ತಿ, ನ್ಯೂಟ್ರಲ್ ಮಾಡಿ. ಆ ಚಕ್ರವನ್ನು ಪೂರ್ತಿ ಎರಡು ಸುತ್ತು ತಿರುಗಿಸಿ, ಡ್ರೈವ್‌ಶಾಫ್ಟ್ ಎಷ್ಟು ಸುತ್ತು ಬಂತು ನೋಡಿ. ಮಾಮೂಲಿ ಡಿಫರೆನ್ಷಿಯಲ್ ಆದರೆ ಅದೇ ಅನುಪಾತ. ಮೂರು ಮುಕ್ಕಾಲರ ಹತ್ತಿರ ಬಂದರೆ 3.73. 28 ಇಂಚಿನ ಟೈರಿನಲ್ಲಿ 65 ಮೈಲಿಗೆ ಎಂಜಿನ್ ಸುಮಾರು 2900 ಆರ್‌ಪಿಎಂ ತಿರುಗುತ್ತಿದೆ ಅಂತ ಲೆಕ್ಕ. 700ಆರ್4ರ ನಾಲ್ಕನೇ ಗೇರ್ 0.70, ಅದು ಬಂದರೆ ಸುಮಾರು 2030ಕ್ಕೆ ಇಳಿಯುತ್ತದೆ. ಇದು ಹೇಳಿ ಮಾಡಿಸಿದ ಜೋಡಿ. ಮೂರಕ್ಕಿಂತ ಚೂರು ಜಾಸ್ತಿ ಬಂತು, ಅಂದರೆ 3.08 ಅನ್ನಿ, ಆಗ ಈಗಲೇ 2400 ಇದೆ. ಓವರ್‌ಡ್ರೈವ್‌ನಲ್ಲಿ, ಅಂದರೆ ಆ ನಾಲ್ಕನೇ ಗೇರಿನಲ್ಲಿ, 1700ಕ್ಕೆ ಬಂದು ಎಂಜಿನ್ ಉಸಿರು ಕಟ್ಟಿಕೊಂಡು ಎಳೆಯುತ್ತದೆ. ಅಂಥ ಗಾಡಿಗೆ ಈ ಬದಲಾವಣೆಯಿಂದ ಸಿಗುವುದು ಕಡಿಮೆ.

700ಆರ್4 ಬಂದದ್ದು 1982ರ ಮಾಡೆಲ್‌ಗಳಲ್ಲಿ. ಮೊದಲ ವರ್ಷಗಳದ್ದು ಬೇಡ, 1987ರ ನಂತರದ್ದನ್ನು ಹುಡುಕಿ, ಒಳಗೆ ಸುಧಾರಣೆ ಆಗಿರುತ್ತದೆ. ನಿಮ್ಮ ಸ್ಪೀಡೋಮೀಟರ್ ಕೇಬಲಿನದ್ದು, ಹಾಗಾಗಿ ಕೇಬಲ್ ಕೂರುವ ಬಾಲದ (ಹಿಂತುದಿಯ) ಹೌಸಿಂಗ್ ಇದೆಯಾ ನೋಡಿ. 4ಎಲ್60ಇ ಅಂತ ಇನ್ನೊಂದು ಸಿಗುತ್ತದೆ, ಅದಕ್ಕೆ ಕಂಪ್ಯೂಟರ್ ಬೇಕು. ಕಾರ್ಬ್ಯುರೇಟರ್ ಎಂಜಿನ್ನಿಗೆ 700ಆರ್4ನೇ ಸುಲಭ.

ಗೇರ್‌ಬಾಕ್ಸ್ ಎಂಜಿನ್ನಿಗೆ ಕೂರುವ ಬೆಲ್‌ಹೌಸಿಂಗ್ ಬೋಲ್ಟುಗಳು ನಿಮ್ಮ 350ಗೆ ನೇರವಾಗಿ ಹೊಂದುತ್ತವೆ. ಡ್ರೈವ್‌ಶಾಫ್ಟಿನ ಯೋಕ್ (ಗೇರ್‌ಬಾಕ್ಸಿಗೆ ತೂರುವ ತುದಿ) ಕೂಡ ಅದೇ ಆಗುತ್ತದೆ. ಆದರೆ 700ಆರ್4ರ ಉದ್ದ 30.75 ಇಂಚು. ಗಿಡ್ಡ ಬಾಲದ ಟಿಎಚ್350 ಇದ್ದರೆ ಅದಕ್ಕಿಂತ ಸುಮಾರು 3 ಇಂಚು ಜಾಸ್ತಿ, ಮೌಂಟ್ ಸುಮಾರು 2 ಇಂಚು ಹಿಂದಕ್ಕೆ ಹೋಗುತ್ತದೆ. ಅಂದರೆ ಕ್ರಾಸ್‌ಮೆಂಬರ್ ಸರಿಸಬೇಕು, ಡ್ರೈವ್‌ಶಾಫ್ಟ್ ಕತ್ತರಿಸಿ ಬ್ಯಾಲೆನ್ಸ್ ಮಾಡಿಸಬೇಕು. ಹೊಸ ಬಾಕ್ಸ್ ಕೂತು, ಗಾಡಿ ಚಕ್ರದ ಮೇಲೆ ನಿಂತ ಮೇಲೇ ಅಳತೆ ತಗೊಳ್ಳಿ. ಯಾವುದೋ ಪಟ್ಟಿ ನೋಡಿ ಮೊದಲೇ ಕತ್ತರಿಸಬೇಡಿ.

ಎಂಜಿನ್ನಿನ ಶಕ್ತಿಯನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ಕೊಡುವ ಟಾರ್ಕ್ ಕನ್ವರ್ಟರ್ ಕೂರಿಸುವಾಗ ತಾಳ್ಮೆ ಬೇಕು. ತಿರುಗಿಸುತ್ತಾ ಒಳಕ್ಕೆ ಒತ್ತಿದರೆ ಅದು ಮೆಟ್ಟಿಲು ಮೆಟ್ಟಿಲಾಗಿ ಒಳಗೆ ಇಳಿಯುವುದು ಕೈಗೆ ಗೊತ್ತಾಗುತ್ತದೆ, ಕೊನೆಯದು ಪಂಪಿನ ಹಲ್ಲಿಗೆ ಕೂರುವುದು. ಬೆಲ್‌ಹೌಸಿಂಗನ್ನು ಎಂಜಿನ್ನಿಗೆ ಕೈಯಲ್ಲೇ ತಳ್ಳಿ ಮುಖಕ್ಕೆ ಮುಖ ಕೂರಬೇಕು. ಆಗ ಕನ್ವರ್ಟರ್ ಬಿಡಿಯಾಗಿ ತಿರುಗಬೇಕು, ಎಂಜಿನ್ ಹಿಂಬದಿಯ ಫ್ಲೆಕ್ಸ್‌ಪ್ಲೇಟಿಗೂ ಅದಕ್ಕೂ ನಡುವೆ ಸುಮಾರು 1/8 ಇಂಚು ಸಂದು ಇರಬೇಕು. ಸಂದು ಇಲ್ಲ, ಬೋಲ್ಟ್ ಬಿಗಿದು ಎಳೆದುಕೊಳ್ಳೋಣ ಅಂತ ಹೋದರೆ ಎಂಜಿನ್ ಸ್ಟಾರ್ಟ್ ಆಗುವ ಮುಂಚೆಯೇ ಪಂಪ್ ಒಡೆಯುತ್ತದೆ.

ಈ ಕೆಲಸದಲ್ಲಿ ಗೇರ್‌ಬಾಕ್ಸ್ ಉಳಿಯೋದು ಸಾಯೋದು ಒಂದು ಕೇಬಲಿನ ಮೇಲೆ. ನಿಮ್ಮ ಟಿಎಚ್350ಯಲ್ಲಿರುವ ಕಿಕ್‌ಡೌನ್ ಕೇಬಲ್ ತಪ್ಪಾಗಿದ್ದರೆ ಗೇರ್ ಇಳಿಯುವುದು ತಡವಾಗುತ್ತದೆ, ಅಷ್ಟೆ. 700ಆರ್4ರ ಟಿವಿ (ಥ್ರಾಟಲ್ ವಾಲ್ವ್) ಕೇಬಲ್ ಹಾಗಲ್ಲ, ಒಳಗಿನ ಎಣ್ಣೆಯ ಒತ್ತಡವನ್ನೇ ಅದು ನಿರ್ಧರಿಸುತ್ತದೆ. ಸಡಿಲ ಇದ್ದರೆ ಒತ್ತಡ ಸಾಲದೆ ಕ್ಲಚ್‌ಗಳು ಜಾರುತ್ತವೆ, ಸ್ವಲ್ಪ ದೂರದಲ್ಲೇ ಸುಟ್ಟುಹೋಗುತ್ತವೆ. ಎಕ್ಸಲರೇಟರ್ ಪೂರ್ತಿ ಒತ್ತಿದಾಗ ಕೇಬಲ್ ಕೊನೆಯ ತನಕ ಎಳೆದಿರಬೇಕು, ಬಿಟ್ಟಾಗ ಜೋಲು ಬೀಳಬಾರದು. ಕಾರ್ಬ್ಯುರೇಟರಿನ ಲಿವರ್ ಎಷ್ಟು ದೂರ, ಯಾವ ಕೋನದಲ್ಲಿ ಎಳೆಯುತ್ತದೆ ಅನ್ನೋದು ಇಲ್ಲಿ ಲೆಕ್ಕಕ್ಕೆ ಬರುತ್ತದೆ, ಹಾಗಾಗಿ ನಿಮ್ಮ ಕಾರ್ಬ್ಯುರೇಟರಿಗೆ ಅಂತಲೇ ಮಾಡಿದ ಬ್ರಾಕೆಟ್ ತರಿಸಿ. ತಂತಿ ಬಗ್ಗಿಸಿ ಹೊಂದಿಸೋದು ಬೇಡ. ಒತ್ತಡದ ಗೇಜ್ ಹಾಕಿ ನೋಡಿದರೆ ಅನುಮಾನವೇ ಉಳಿಯುವುದಿಲ್ಲ. ಹಳೇ ಬಾಕ್ಸಿನ ಮಾಡ್ಯುಲೇಟರಿಗೆ ಹೋಗುತ್ತಿದ್ದ ವ್ಯಾಕ್ಯೂಮ್ ಪೈಪಿನ ಬಾಯಿ ಮುಚ್ಚಿ, ಈ ಬಾಕ್ಸಿಗೆ ಅದು ಬೇಡ.

ಲಾಕಪ್ ಕನ್ವರ್ಟರಿಗೆ (ಹೈವೇಯಲ್ಲಿ ಜಾರದಂತೆ ಬಿಗಿಯಾಗಿ ಹಿಡಿದುಕೊಳ್ಳುವಂಥದ್ದು) 12 ವೋಲ್ಟ್ ವೈರಿಂಗ್ ಕಿಟ್ ಸಿಗುತ್ತದೆ, ಹಾಕಿಸಿಕೊಳ್ಳಿ. ಬೇಡ ಅಂತ ಬಿಟ್ಟರೆ ಓವರ್‌ಡ್ರೈವ್‌ನಲ್ಲಿ ಕನ್ವರ್ಟರ್ ಜಾರುತ್ತಲೇ ಇದ್ದು ಎಣ್ಣೆ ಕಾಯುತ್ತದೆ. ರೇಡಿಯೇಟರಿನ ಕೂಲರ್ ಪೈಪುಗಳನ್ನು ತೊಳೆದು, ಮುಂದೆ ಒಂದು ಹೊರಗಿನ ಕೂಲರೂ ಸೇರಿಸಿ, ಟೆಕ್ಸಸ್ ಬೇಸಿಗೆಗೆ ಅದು ಬೇಕೇ ಬೇಕು.

ಮೊದಲ ಸಲ ಸ್ಟಾರ್ಟ್ ಮಾಡುವಾಗ ಹಿಂದಿನ ಎರಡೂ ಚಕ್ರ ಗಾಳಿಯಲ್ಲಿರಲಿ. 5 ಕ್ವಾರ್ಟಿನಷ್ಟು ಎಣ್ಣೆ ಮೊದಲೇ ಹಾಕಿ, ಎಂಜಿನ್ ಓಡುತ್ತಿರುವಾಗ ಉಳಿದದ್ದನ್ನು ಸೇರಿಸುತ್ತಾ ಹೋಗಿ. ಎಲ್ಲಾ ಗೇರುಗಳಿಗೂ ಹಾಕಿ ನೋಡಿ, ಬಿಸಿಯಾದ ಮೇಲೆ ಪಾರ್ಕ್‌ನಲ್ಲಿಟ್ಟು ಎಣ್ಣೆ ಅಳೆಯುವ ಕಡ್ಡಿ ನೋಡಿ. ಮೊದಲ ಓಟ ಮನೆಯ ಸುತ್ತಮುತ್ತ ಮಾತ್ರ. ಎರಡರಿಂದ ಮೂರಕ್ಕೆ ಹೋಗುವಾಗ ಎಂಜಿನ್ ಒಮ್ಮೆ ಎಗರಿ ಆಮೇಲೆ ಗೇರ್ ಹಿಡಿದರೆ ಅಲ್ಲೇ ಪಕ್ಕಕ್ಕೆ ನಿಲ್ಲಿಸಿ, ಕೇಬಲ್ ನೋಡಿ, ಆಮೇಲೇ ಮುಂದಕ್ಕೆ ಹೋಗಿ. ಆಕ್ಸಲ್ ಎಣಿಕೆ ಎಷ್ಟು ಬಂತು, ಈಗಿರುವ ಟಿಎಚ್350 ಗಿಡ್ಡ ಬಾಲದ್ದಾ ಉದ್ದ ಬಾಲದ್ದಾ ಅಂತ ಬರೆಯಿರಿ, ಕ್ರಾಸ್‌ಮೆಂಬರ್ ಎಲ್ಲಿ ಕೂರುತ್ತದೆ ಅಂತ ನನ್ನ ಗಾಡಿಯ ಅಳತೆ ತೆಗೆದು ಹೇಳುತ್ತೇನೆ.