ಇಂಗ್ಲಿಷಿಗೆ ಸರಿ ಇರೋ ಮ್ಯಾಕ್ರೋ ಕನ್ನಡ ಬಂದ್ರೆ ಯಾಕೆ ಎಡವುತ್ತೆ?

ಪ್ರಶ್ನೆ: ಸಾರ್, ಸಿ ಭಾಷೇಲಿ ಒಂದು ಸಣ್ಣ ಪ್ಯಾಟರ್ನ್ ಮ್ಯಾಚಿಂಗ್ ಲೈಬ್ರರಿ ಬರೀತಿದೀನಿ. ಒಂದು ಬೈಟ್ ಪದದೊಳಗಿಂದೋ ಅಲ್ವೋ ಅಂತ ನೋಡೋಕೆ 256 ಮನೆಯ ಟೇಬಲ್ ಇಟ್ಟು ಹೆಡರಲ್ಲಿ (ಬೇರೆ ಫೈಲ್ ಸೇರಿಸಿಕೊಳ್ಳೋ ಫೈಲ್) ಮ್ಯಾಕ್ರೋ (ಕಂಪೈಲಿಗೆ ಮುಂಚೆ ಹೆಸರಿನ ಜಾಗಕ್ಕೆ ಕೋಡ್ ತುಂಬೋ ಸೂತ್ರ) ಮಾಡಿದೀನಿ: ಟೇಬಲಲ್ಲಿ ಗುರುತು ಇರ್ಬೇಕು, ಇಲ್ಲಾಂದ್ರೆ ಅಂಡರ್‌ಸ್ಕೋರ್ ಆಗಿರ್ಬೇಕು. ರಾಸ್ಪ್‌ಬೆರಿ ಪೈಲಿ ಕನ್ನಡ ಪದ ಸಿಗುತ್ತೆ, ಇಂಟೆಲ್ ಲ್ಯಾಪ್‌ಟಾಪಲ್ಲಿ ಅದೇ ಕೋಡ್ ಏನೇನೋ ಕೊಡುತ್ತೆ. ಫಂಕ್ಷನ್ ಹೆಸರಿನ ಕೊನೆಗೆ 8, 16 ಅಂತ (ಎಷ್ಟು ಬಿಟ್ಟಿನ ವರ್ಷನ್ ಅನ್ನೋದು) ಅಂಟಿಸೋ ಮ್ಯಾಕ್ರೋನೂ ಕೆಲಸ ಮಾಡ್ತಿಲ್ಲ.

ಉತ್ತರ: ಬರೀ ಚಾರ್ (ಒಂದು ಬೈಟಿನ ಟೈಪ್) ಅಂತ ಬರೆದ್ರೆ ಅದು ಸೈನ್ಡೋ (ಮೈನಸ್ ಬೆಲೆಯೂ ಬರುತ್ತೆ) ಅನ್‌ಸೈನ್ಡೋ (ಸೊನ್ನೆಯಿಂದ ಮೇಲೆ ಮಾತ್ರ) ಅನ್ನೋದನ್ನ ಸಿ ಸ್ಟ್ಯಾಂಡರ್ಡ್ ಕಂಪೈಲರಿಗೇ ಬಿಟ್ಟಿದೆ. ಪೈ ಮೇಲಿನ ಲಿನಕ್ಸಲ್ಲಿ ಅನ್‌ಸೈನ್ಡ್, ಇಂಟೆಲಲ್ಲಿ ಸೈನ್ಡ್. ಈಗ 'ಕ' ತಗೊಳ್ಳಿ, ಅಕ್ಷರಗಳನ್ನ ಬೈಟಾಗಿ ಬರೆಯೋ ಯುಟಿಎಫ್-8ರಲ್ಲಿ ಅದು ಮೂರು ಬೈಟ್: 224, 178, 149. ಪೈಲಿ ಇವೇ ಟೇಬಲ್ಲಿನ ಮನೆ ನಂಬರ್. ಲ್ಯಾಪ್‌ಟಾಪಲ್ಲಿ ಇವೇ ಮೈನಸ್ 32, ಮೈನಸ್ 78, ಮೈನಸ್ 107 ಆಗಿಬಿಡ್ತವೆ, ಅಂದ್ರೆ ಟೇಬಲ್ ಶುರುವಾಗೋಕೆ ಮುಂಚಿನ ಮೆಮೊರೀಲಿ ಏನು ಬಿದ್ದಿದ್ಯೋ ಅದನ್ನ ಓದ್ತಿದೀರ. ಇಂಗ್ಲಿಷ್ ಅಕ್ಷರ ಎಲ್ಲಾ 128ರ ಕೆಳಗೇ ಇರೋದ್ರಿಂದ ಅಲ್ಲಿ ಗೊತ್ತೇ ಆಗಲ್ಲ, ಅದಕ್ಕೇ ಇಂಗ್ಲಿಷಲ್ಲಿ ಮಾತ್ರ ಟೆಸ್ಟ್ ಮಾಡಿ ಬಿಟ್ಟ ಕೋಡ್ ನಮ್ಮ ಭಾಷೆ ಬಂದ ಕೂಡ್ಲೇ ಮುಗ್ಗರಿಸುತ್ತೆ, ನನಗಂತೂ ಇದನ್ನ ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತೆ. ಮ್ಯಾಕ್ರೋ ಒಳಗೇ ಅನ್‌ಸೈನ್ಡ್ ಚಾರಿಗೆ ಕಾಸ್ಟ್ ಮಾಡಿ, ಅಂದ್ರೆ ಟೈಪ್ ಬದಲಾಯಿಸಿ. ಸ್ಟ್ಯಾಂಡರ್ಡ್ ಲೈಬ್ರರಿಯ ಈಸ್‌ಆಲ್ಫಾಗೆ (ಇದು ಅಕ್ಷರವೇ ಅಂತ ಹೇಳೋ ಫಂಕ್ಷನ್) ಚಾರ್ ಕೊಡುವಾಗ್ಲೂ ಹೀಗೇ ಮಾಡ್ಬೇಕು.

ಇನ್ನೊಂದು ನೀವಿನ್ನೂ ಗಮನಿಸಿಲ್ಲ ಅನ್ಸುತ್ತೆ. ನಿಮ್ಮ ಮ್ಯಾಕ್ರೋ ಆರ್ಗ್ಯುಮೆಂಟನ್ನ ಎರಡು ಸಲ ಬಳಸುತ್ತೆ, ಟೇಬಲಿಗೆ ಒಂದ್ಸಲ, ಅಂಡರ್‌ಸ್ಕೋರಿಗೆ ಒಂದ್ಸಲ. ಯಾರಾದ್ರೂ ಅದಕ್ಕೆ ಸ್ಟಾರ್ ಪಿ ಪ್ಲಸ್ ಪ್ಲಸ್ (ಪಾಯಿಂಟರ್ ತೋರಿಸೋ ಬೈಟ್ ಓದಿ ಒಂದು ಹೆಜ್ಜೆ ಮುಂದೆ ಹೋಗು ಅಂತ) ಕೊಟ್ರೆ? 'ಮನೆ ಬಾಗಿಲು' ಓದ್ತಾ ಸ್ಪೇಸ್ ಹತ್ರ ಬಂದಾಗ ಟೇಬಲ್ ಇಲ್ಲ ಅನ್ನುತ್ತೆ, ಪಾಯಿಂಟರ್ ಒಂದು ಹೆಜ್ಜೆ ಹೋಗಿರುತ್ತೆ, ಆಮೇಲೆ ಅಂಡರ್‌ಸ್ಕೋರ್ ನೋಡೋಕೆ ಹೋಗಿ 'ಬಾ'ದ ಮೊದಲ ಬೈಟೂ ನುಂಗಿ ಹೋಗುತ್ತೆ. ಇದಕ್ಕೆ ಅಂಡರ್‌ಸ್ಕೋರನ್ನೂ ಟೇಬಲ್ಲಿಗೇ ಹಾಕ್ಬಿಡಿ, ಆರ್ಗ್ಯುಮೆಂಟ್ ಒಂದೇ ಸಲ ಬರುತ್ತೆ, ಹಳೇ ಸಿ89 ಕಂಪೈಲರಲ್ಲೂ ನಡೆಯುತ್ತೆ. 16 ಬಿಟ್ಟಿನ ವರ್ಷನ್ನಲ್ಲಿ ಮಾತ್ರ ಮೊದಲು 255 ದಾಟಿದ್ಯಾ ಅಂತ ನೋಡ್ಲೇಬೇಕು, ಕಾಸ್ಟ್ ಮಾಡಿದ್ರೆ ಮೇಲಿನ ಅರ್ಧ ಕತ್ತರಿಸಿ ಹೋಗುತ್ತೆ, ಹಾಗಾಗಿ ಅಲ್ಲಿ ಸ್ಟ್ಯಾಟಿಕ್ ಇನ್‌ಲೈನ್ ಫಂಕ್ಷನ್ (ಅದು ಆರ್ಗ್ಯುಮೆಂಟನ್ನ ಒಂದೇ ಸಲ ಲೆಕ್ಕ ಹಾಕುತ್ತೆ) ಬರೀರಿ.

ಹೆಸರು ಅಂಟಿಸೋದು ಸುಲಭ. ಡಬಲ್ ಹ್ಯಾಶ್ (ಎರಡು ತುಂಡು ಅಂಟಿಸೋ ಗುರುತು) ಪಕ್ಕ ಇರೋ ಆರ್ಗ್ಯುಮೆಂಟನ್ನ ಪ್ರೀಪ್ರೊಸೆಸರ್ (ಮ್ಯಾಕ್ರೋ ಬಿಡಿಸೋ ಹಂತ) ಬಿಡಿಸದೆ ಹಾಗೇ ಅಂಟಿಸುತ್ತೆ, ಅದಕ್ಕೇ 8ರ ಬದಲು ಆ 8 ಅಡಗಿರೋ ವಿಡ್ತ್ ಮ್ಯಾಕ್ರೋದ ಹೆಸರೇ ಬಾಲ ಆಗಿ ಕೂತಿರುತ್ತೆ. ಮಧ್ಯೆ ಇನ್ನೊಂದು ಮ್ಯಾಕ್ರೋ ಇಡಿ, ಅದು ಬಿಡಿಸಿ ಒಳಗಿನದಕ್ಕೆ ಕೊಡ್ಲಿ. 2015ರಲ್ಲಿ ಬಂದ ಪಿಸಿಆರ್‌ಇ2 ಅನ್ನೋ ಪ್ಯಾಟರ್ನ್ ಮ್ಯಾಚಿಂಗ್ ಲೈಬ್ರರಿಯ ಹೆಡರಲ್ಲೂ ಹೀಗೇ ಜಾಯಿನ್, ಗ್ಲೂ ಅಂತ ಎರಡು ಹಂತ ಇದೆ, ತೆಗೆದು ಓದಿ, ಒಳ್ಳೇ ಪಾಠ.

ನನ್ನ ಮಾತು ಕೇಳೋದಾದ್ರೆ ಆ ಟೇಬಲ್ ಮ್ಯಾಕ್ರೋನ ಪಬ್ಲಿಕ್ ಹೆಡರಿಂದ ತೆಗೆದು ನಿಮ್ಮ ಒಳಗಿನ ಹೆಡರಿಗೆ ಹಾಕಿ, ಹೊರಗಡೆಯವರಿಗೆ ಒಂದು ಫಂಕ್ಷನ್ ಕೊಡಿ. ಮ್ಯಾಕ್ರೋ ಬಳಸಿದವರ ಪ್ರೋಗ್ರಾಮಲ್ಲಿ ಟೇಬಲ್ಲಿನ ಗುರುತಿಗೆ ನೀವು ಬಳಸಿದ ಬಿಟ್ ನಂಬರ್ ಕಂಪೈಲ್ ಆಗಿ ಕೂತಿರುತ್ತೆ, ನಾಳೆ ನೀವು ಬಿಟ್ ಬದಲಾಯಿಸಿ ಹೊಸ ಲೈಬ್ರರಿ ಬಿಟ್ರೆ ಅವರದ್ದು ಸದ್ದಿಲ್ಲದೆ ತಪ್ಪು ಉತ್ತರ ಕೊಡುತ್ತೆ. ವಿಂಡೋಸ್ ಡಿಎಲ್‌ಎಲ್ (ಪ್ರೋಗ್ರಾಮ್ ಓಡುವಾಗ ಸೇರೋ ಲೈಬ್ರರಿ ಫೈಲ್) ಆದ್ರೆ ಇನ್ನೂ ತಲೆನೋವು, ಅಲ್ಲಿ ಫಂಕ್ಷನ್ ಡಿಎಲ್‌ಎಲ್‌ಇಂಪೋರ್ಟ್ (ಇದು ಆ ಫೈಲಿಂದ ಬರುತ್ತೆ ಅನ್ನೋ ಸೂಚನೆ) ಇಲ್ದೆನೂ ನಡೆಯುತ್ತೆ, ಟೇಬಲ್ ಥರದ ಡೇಟಾಗೆ ಅದು ಬೇಕು.

ಟೆಸ್ಟಿಗೆ ಪೈ ಹುಡುಕ್ಬೇಡಿ. ಜಿಸಿಸಿ ಕಂಪೈಲರಿಗೆ ಎಫ್‌ಸೈನ್ಡ್-ಚಾರ್, ಎಫ್‌ಅನ್‌ಸೈನ್ಡ್-ಚಾರ್ ಅಂತ ಎರಡು ಫ್ಲ್ಯಾಗ್ ಇವೆ, ಅದೇ ಲ್ಯಾಪ್‌ಟಾಪಲ್ಲಿ ಎರಡೂ ರೀತಿ ಬಿಲ್ಡ್ ಮಾಡಿ 'ಮನೆ ಬಾಗಿಲು' ಓಡಿಸಿ, ಎರಡರಲ್ಲೂ ಎರಡೇ ಪದ ಬರ್ಬೇಕು.